ಗೇಣುದ್ದ ಮಣ್ಣು

ಮೊನ್ನೆ ಭಾನುವಾರ ಇಲ್ಲಿ ಮುಂಬೈನ ಮಾಟುಂಗಾ ಮಾರ್ಕೆಟ್ಟಿಂದ ಅರ್ಧ ಹಲಸಿನಹಣ್ಣು ತಂದೆ, ಮುಲುಂಡ್ ತನಕ ಲೋಕಲ್‌ನಲ್ಲಿ ಅದನ್ನ ತೊಡೆ ಮೇಲಿಟ್ಕೊಂಡು ಬಂದಿದ್ದೇ ಒಂದು ಕತೆ, ಇಡೀ ಲೇಡೀಸ್ ಡಬ್ಬಿ ಮೂಗರಳಿಸಿ ನನ್ನನ್ನೇ ನೋಡ್ತಿತ್ತು, ಅದಿರ್ಲಿ. ಸಂಜೆ ಕೈಗೆ ಎಣ್ಣೆ ಸವರ್ಕೊಂಡು ತೊಳೆ ಬಿಡಿಸ್ತಾ ಕೂತಿದ್ದಾಗ ಎದುರು ಫ್ಲಾಟಿನ ಆರು ವರ್ಷದ ಹುಡುಗಿ ಬಂದ್ಲು. ಅವಳಿಗೆ ಮನೇಲಿ ಮರಾಠಿ, ನಮ್ಮನೇಲಿ ತಿಂಡಿ ಕೇಳೋಕೆ ಬೇಕಾದಷ್ಟು ಕನ್ನಡ. ಬೀಜ ನೋಡಿ "ಇದು ನೆಟ್ರೆ ಮರ ಬರತ್ತಾ?" ಅಂದ್ಲು. ಬರತ್ತೆ ಅಂದೆ, ನಂದೇ ತಪ್ಪು. ಒಂದು ಬೀಜ, ಒಂದು ಸ್ಟೀಲ್ ಚಮಚ ಎತ್ಕೊಂಡು ಲಿಫ್ಟಿಗೆ ಓಡಿದ್ಲು, ಹಿಂದೆ ನಾನು.

ನಮ್ಮ ಗಾರ್ಡನ್ ಇರೋದು ಪೋಡಿಯಮ್ ಮೇಲೆ, ಅಂದ್ರೆ ನಾಕು ಅಂತಸ್ತಿನ ಪಾರ್ಕಿಂಗಿನ ತಲೆ ಮೇಲೆ. ಲಾನ್, ಜೋಕಾಲಿ, ಮಿಲಿಟರಿ ಕಟಿಂಗ್ ಮಾಡಿಸ್ಕೊಂಡ ಫೈಕಸ್ ಗಿಡಗಳು, ಎಲ್ಲಾ ಇದೆ. ಹುಡುಗಿ ಮೂಲೇಲಿ ಕೂತು ಅಗೆದ್ಲು. ಒಂದು ಗೇಣು ಇಳಿದಿತ್ತೋ ಇಲ್ವೋ, ಚಮಚ ಟಕ್ ಅಂತು. ಮಣ್ಣು ಸರಿಸಿ ನೋಡಿದ್ರೆ ಮೊಟ್ಟೆ ಟ್ರೇ ಥರ ಗುಳಿಗುಳಿ ಇರೋ ಕಪ್ಪು ಪ್ಲಾಸ್ಟಿಕ್ ಹಾಳೆ, ಅದರಡಿ ಕಾಂಕ್ರೀಟು. ಅಷ್ಟರಲ್ಲಿ ವಾಚ್‌ಮನ್ ಓಡಿ ಬಂದ, "ಮ್ಯಾಡಮ್, ಲೀಕೇಜ್ ಹೋಗಾ, ನೀಚೇ ಗಾಡೀ ಹೈ!" ಹುಡುಗಿ ಸೊಂಟದ ಮೇಲೆ ಕೈಯಿಟ್ಟು ನನ್ನ ಕಡೆ ತಿರುಗಿದ್ಲು. "ಕಾಕೂ, ಇಥೇ ಖಾಲೀ ಜಮೀನಚ್ ನಾಹೀ." ಇಲ್ಲಿ ಕೆಳಗೆ ನೆಲಾನೇ ಇಲ್ಲ ಕಾಕು.

ನಕ್ಕುಬಿಟ್ಟೆ. ಆದ್ರೆ ಮೇಲೆ ಬಂದವಳು ಸೀದಾ ಕಪಾಟಿಂದ ರೀಡೆವಲಪ್‌ಮೆಂಟ್ ಫೈಲ್ ತೆಗೆದೆ. ನಮ್ಮ ಹಳೇ ಬಿಲ್ಡಿಂಗು ನಾಕು ಮಹಡಿದು, ಸುತ್ತ ಅಂಗಳ, ಒಂದು ಬೇವಿನ ಮರ, ಅದರಡಿ ಗಣಪತಿ ಪೆಂಡಾಲು. ಈಗ ಅದೇ ಜಾಗದಲ್ಲಿ 22 ಮಹಡಿ. ಅಲ್ಲಿ ಊರಲ್ಲಿ ನೀವು ಎಫ್‌ಎಆರ್ ಅನ್ನೋದನ್ನೇ ಇಲ್ಲಿ ಎಫ್‌ಎಸ್‌ಐ ಅಂತಾರೆ, ಪ್ಲಾಟಿನ ಎಷ್ಟು ಪಟ್ಟು ಕಟ್ಟಬಹುದು ಅನ್ನೋ ಲೆಕ್ಕ, ಅದರ ಮೇಲೆ ಬೇರೆ ಜಾಗದಿಂದ ಕೊಂಡು ತರೋ ಕಟ್ಟೋ ಹಕ್ಕು, ಅಂದ್ರೆ ಟಿಡಿಆರ್ ಬೇರೆ, ಫಂಜಿಬಲ್ ಅಂತ 35 ಪರ್ಸೆಂಟ್ ಹೆಚ್ಚುವರಿ ಬೇರೆ, ನಮ್ಮ ಸೊಸೈಟಿ ಆಂಟಿಯರು ಹಪ್ಪಳ ಲಟ್ಟಿಸ್ತಾ ಇದನ್ನ ಮಾತಾಡ್ತಾರೆ. ಕಟ್ಟೋಕೆ ಮೊದ್ಲು ಸಿಗೋ ಪರ್ಮಿಷನ್ನಿಗೆ ಈ ಊರಲ್ಲಿ 'ಇಂಟಿಮೇಶನ್ ಆಫ್ ಡಿಸ್‌ಅಪ್ರೂವಲ್' ಅಂತ ಹೆಸರು, ಬೇಡ ಅಂದ್ರೇ ಹೂಂ ಅಂತ ಅರ್ಥ, ಥೇಟ್ ನಮ್ಮತ್ತೆ ಥರ.

ಫೈಲಲ್ಲಿ ಆರ್ಕಿಟೆಕ್ಟ್ ಕೊಟ್ಟ ಶೀಟ್ ಇತ್ತು. ಸಾವಿರ ಚದರ ಮೀಟರ್ ದಾಟಿದ ಪ್ಲಾಟಿಗೆ ಮಕ್ಕಳು ಆಡೋಕೆ, ಮುದುಕರು ಕೂರೋಕೆ ಅಂತ ಬಯಲು ಬಿಡ್ಲೇಬೇಕು, 1991ರ ರೂಲಲ್ಲೇ 15 ಪರ್ಸೆಂಟಿಂದ ಶುರು, ದೊಡ್ಡ ಪ್ಲಾಟಾದ್ರೆ 25ರ ತನಕ. ಬಿಲ್ಡರುಗಳು ಅದನ್ನ ಪಾರ್ಕಿಂಗ್ ಮೇಲೆ ಎತ್ತಿಟ್ಟು ಲೆಕ್ಕ ತೋರ್ಸೋಕೆ ಶುರು ಮಾಡಿದ್ರು. 2013ರ ಡಿಸೆಂಬರಲ್ಲಿ ಸುಪ್ರೀಂ ಕೋರ್ಟು ಇದು ನಡೆಯಲ್ಲ, ರೂಲಲ್ಲಿ ಹೇಳಿದಷ್ಟು ಬಯಲು ನೆಲದ ಮಟ್ಟದಲ್ಲೇ ಇರ್ಬೇಕು ಅಂತು. 2018ರಲ್ಲಿ ಹೊಸ ರೂಲ್ ಬಂತು ನೋಡಿ, 60 ಪರ್ಸೆಂಟ್ ಕೆಳಗಿದ್ರೆ ಸಾಕು, ಉಳಿದ 40 ಪೋಡಿಯಮ್ ಮೇಲೆ ಹೋಗಬಹುದು, ಆ 60ರಲ್ಲೂ ಅರ್ಧ ಮಾತ್ರ ನೀರು ಇಂಗೋ ನಿಜವಾದ ಮಣ್ಣು. ಆ ನಿಜವಾದ ಮಣ್ಣಿಗೆ ರೂಲ್ ಪುಸ್ತಕದವರು ಇಟ್ಟಿರೋ ಹೆಸರು 'ಮದರ್ ಅರ್ಥ್'. ಭೂತಾಯಿ! ಆಫೀಸ್ ಕಾಗದದಲ್ಲಿ!

ನಮ್ಮದು ಎರಡು ಸಾವಿರ ಮೀಟರ್ ಪ್ಲಾಟು. ಶೀಟ್ ಪ್ರಕಾರ ಬಯಲು 300, ಅದರಲ್ಲಿ ಕೆಳಗೆ 180, ಅದರಲ್ಲಿ ಭೂತಾಯಿ 90. ಇಡೀ 22 ಮಹಡಿಗೆ ಸೇರಿ ಸಿಕ್ಕ ಭೂತಾಯಿ ನಮ್ಮೂರ ಒಂದು 30-40 ಸೈಟಿಗಿಂತ ಚಿಕ್ಕದು. ಮರುದಿನ ಬೆಳಗ್ಗೆ ಹುಡುಕ್ಕೊಂಡು ಹೋದೆ, ಕಾಂಪೌಂಡ್ ಗೋಡೆಗೆ ಅಂಟಿದ ಉದ್ದನೆ ಪಟ್ಟಿ ಅದು, ಅಲ್ಲಿ ಎಸಿ ನೀರು ಬಿದ್ದು ಪಾಚಿ ಕಟ್ಟಿದೆ.

ಬಿಲ್ಡರನ್ನ ಬೈಯೋಣ ಅಂದ್ರೆ ಬಾಯಿ ಬರಲ್ಲ. ಜನರಲ್ ಬಾಡಿ ಮೀಟಿಂಗಲ್ಲಿ ಆರ್ಕಿಟೆಕ್ಟ್ ನೇರವಾಗೇ ಕೇಳಿದ್ದ, ಕೆಳಗೆ ಬಯಲು ಜಾಸ್ತಿ ಬಿಡಿಸೋಣ್ವಾ, ಮನೆಗೊಂದು ಎರಡನೇ ಕಾರ್ ಪಾರ್ಕಿಂಗ್ ಕೊಡ್ಸೋಣ್ವಾ ಅಂತ. ಕೈಗಳು ಎದ್ದವು. ನಂದೂ ಎದ್ದಿತ್ತು. ನಮಗಿರೋದು ಒಂದೇ ಕಾರು.

ಇಲ್ಲಿನ ಇನ್ನೊಂದು ಮಜಾ ಅಂದ್ರೆ ಬಿಲ್ಡಿಂಗ್ ಸುತ್ತ ಬಿಡಬೇಕಾದ ಜಾಗ ಕಮ್ಮಿ ಬಿತ್ತು ಅಂದ್ರೆ ಪಾಲಿಕೆಗೆ ಪ್ರೀಮಿಯಮ್ ಕಟ್ಟಿ ಮಾಫಿ ತಗೋಬಹುದು. ಇದನ್ನ ಶಿವಮೊಗ್ಗದಲ್ಲಿರೋ ತಮ್ಮಂಗೆ ಫೋನಲ್ಲಿ ಹೇಳಿ ನಗೋಣ ಅಂದ್ಕೊಂಡೆ, ಆಮೇಲೆ ನೆನಪಾಯ್ತು, ನಮ್ಮ ಕಡೆ ಮೊದ್ಲು ಜಾಗ ನುಂಗಿ ಆಮೇಲೆ ದಂಡ ಕಟ್ಟೋಣ ಅಂತ ಕಾಯ್ತಾ ಕೂತಿರೋರು ನಾವೇ ಅಲ್ವಾ. ಅಕ್ರಮ ಸಕ್ರಮ ಅಂತ ಅದಕ್ಕೆ ಪ್ರಾಸ ಬೇರೆ. ವಾಸದ ಮನೆಯಾದ್ರೆ ಅರ್ಧದಷ್ಟು ಉಲ್ಲಂಘನೆ ತನಕ ಮಾಫಿ ಅಂತ ಸರ್ಕಾರ ರೂಲ್ ಮಾಡ್ತು, 2017ರ ಜನವರೀಲಿ ಸುಪ್ರೀಂ ಕೋರ್ಟ್ ತಡೆ ಕೊಡ್ತು, ಆದ್ರೂ ಕಟ್ಟೋರು ಯಾರೂ ನಿಲ್ಲಿಸ್ಲಿಲ್ಲ. ಮುಂಬೈಯವರು ಕೊನೇಪಕ್ಷ ನುಂಗೋಕೆ ಮುಂಚೆ ಬಿಲ್ ಕೊಡ್ತಾರೆ.

ಅಪ್ಪನ ಮನೆ ಹಿತ್ತಲಲ್ಲಿ ಚಂದ್ರಬಕ್ಕೆ ಹಲಸು ಇತ್ತು. ಕೆಂಪು ತೊಳೆ, ಒಂದು ತಿಂದ್ರೆ ಕೈಯೆಲ್ಲಾ ಘಮಘಮ. ಅಪ್ಪ ಮನೆ ಕಟ್ಟಿಸಿದಾಗ ಹಿಂದೆ ಹದಿನೈದಡಿ ಬಿಟ್ಟಿದ್ರು, ಯಾವ ರೂಲೂ ಕೇಳಿರಲಿಲ್ಲ ಅಷ್ಟನ್ನ, ಹಸುಗೆ ಬೇಕು ಮರಕ್ಕೆ ಬೇಕು ಅಂತ. ಹಸು ಹೋಯ್ತು. ಹೋದ ವರ್ಷ ತಮ್ಮ ಬಾಡಿಗೆಗೆ ಅಂತ ಮೂರು ಮನೆ ಎಬ್ಬಿಸ್ದ, ಮರ ಹೋಯ್ತು, ಕಡಿದ ದಿನ ಅವನು ನಂಗೆ ಹೇಳ್ಲಿಲ್ಲ, ನಾನೂ ಕೇಳ್ಲಿಲ್ಲ.

ಮೊನ್ನೆ ಫೋನಲ್ಲಿ ಕೇಳ್ದೆ, ಹಿಂದೆ ಎಷ್ಟು ಬಿಟ್ಟಿದೀಯೋ ಅಂತ.

"ಎರಡಡಿ ಬಿಟ್ಟಿದೀನಿ ಕಣೇ," ಅಂದ, "ವಾಷಿಂಗ್ ಮೆಷಿನ್‌ಗೆ ಬೇಕಲ್ಲ."

ಮಿಕ್ಕ ಬೀಜ ಎಲ್ಲಾ ಆ ರಾತ್ರಿ ಹುಳಿಗೆ ಬಿತ್ತು.