ಬಾಟಲಿ ಬರುವುದು ಅಜ್ಜಿಯ ಚೀಲದಿಂದ

ನಾನು ಹಾಸನ ಕಡೆಯ ಒಂದು ತಾಲ್ಲೂಕು ಆಸ್ಪತ್ರೆಯಲ್ಲಿ ಹೆರಿಗೆ ವಾರ್ಡಿನ ಸ್ಟಾಫ್ ನರ್ಸ್. ನಮ್ಮ ವಾರ್ಡಿನ ಗೋಡೆ ತುಂಬಾ ಎದೆಹಾಲಿನ ಪೋಸ್ಟರುಗಳಿವೆ. ಎಲ್ಲದರಲ್ಲೂ ಗುಂಡುಗುಂಡಾದ ಮಗು, ಮಗುವಿಗೆ ರೋಗ ಬರಲ್ಲ, ಮಗು ಚುರುಕಾಗುತ್ತದೆ, ಮಗುವಿಗೆ ಅಮೃತ. ತಾಯಿಗೆ ಏನು ಲಾಭ ಅನ್ನುವುದು ಕೊನೆಯ ಸಾಲಿನಲ್ಲಿ ಸಣ್ಣ ಅಕ್ಷರದಲ್ಲಿ ಇರುತ್ತದೆ, ಕೆಲವದರಲ್ಲಿ ಅದೂ ಇಲ್ಲ. ಈ ಕೆಲಸ ನನಗೆ ಕಲಿಸಿದ್ದು ಏನು ಅಂದರೆ, ಆ ಕೊನೆಯ ಸಾಲನ್ನೇ ಮೊದಲು ಹೇಳಬೇಕು.

ಯಾಕೆ ಅಂದರೆ, ಮಗುವಿಗೆ ತಾಯಿ ಹಾಲು ಒಳ್ಳೆಯದು ಅನ್ನುವುದು ಯಾರಿಗೆ ಗೊತ್ತಿಲ್ಲ ಹೇಳಿ? ಎಲ್ಲರಿಗೂ ಗೊತ್ತು. ಆದರೂ ಎರಡನೇ ರಾತ್ರಿ ಬಾಟಲಿ ಹೊರಗೆ ಬರುತ್ತದೆ. ನಮ್ಮ ಕಡೆ ಮೊದಲ ಹೆರಿಗೆ ತವರಿನವರದು, ಹಾಗಾಗಿ ಮಂಚದ ಪಕ್ಕ ಇರುವುದು ಹುಡುಗಿಯ ತಾಯಿ. ಅವರ ಚೀಲದಲ್ಲಿ ಫ್ಲಾಸ್ಕ್ ಇರುತ್ತದೆ, ಹಳೇ ಸೀರೆಯ ಮೆತ್ತನೆ ತುಂಡುಗಳಿರುತ್ತವೆ, ಕಿವಿಗೆ ಹತ್ತಿ ಇರುತ್ತದೆ, ಎಲ್ಲದರ ಅಡಿಯಲ್ಲಿ ಒಂದು ಬಾಟಲಿ ಮತ್ತು ಪುಡಿ ಹಾಲಿನ ಡಬ್ಬ ಇರುತ್ತದೆ. ಬೈದರೆ ಒಳಗೆ ಇಡುತ್ತಾರೆ. ನಾವು ಆಚೆ ಹೋದ ಮೇಲೆ ಮತ್ತೆ ತೆಗೆಯುತ್ತಾರೆ.

ಆ ಅಜ್ಜಿಗೆ ತಿಳಿವಳಿಕೆ ಇಲ್ಲ ಅಂತ ತಿಳಿಯಬೇಡಿ. ಅವರು ಮಗಳ ಮೇಲಿನ ಕನಿಕರಕ್ಕೆ ಬಾಟಲಿ ತೆಗೆಯುತ್ತಾರೆ. "ಎರಡು ದಿನದಿಂದ ಕಣ್ಣು ಮುಚ್ಚಿಲ್ಲ ಸಿಸ್ಟರ್, ಮೈ ಸೋತು ಹೋಗಿದೆ, ಒಂದು ಸಲ ಕೊಟ್ಟರೆ ಏನಾಗುತ್ತೆ?" ಅವರ ಲೆಕ್ಕದಲ್ಲಿ ಹಾಲು ಅಂದರೆ ಮಗಳ ಮೈಯಿಂದ ಮಗು ಕಿತ್ತುಕೊಳ್ಳುವ ವಸ್ತು. ಮಗು ಕುಡಿದಷ್ಟೂ ಮಗಳು ಬಡವಾಗುತ್ತಾಳೆ. ಹೀಗೆ ಯೋಚಿಸುವವರ ಮುಂದೆ ನಿಂತು ಮಗುವಿಗೆ ಅಮೃತ, ಮಗುವಿಗೆ ಅಮೃತ ಅಂತ ಹೇಳಿದರೆ ಏನು ಪ್ರಯೋಜನ? ಅವರಿಗೆ ಆ ಹೊತ್ತಿನಲ್ಲಿ ಮೊಮ್ಮಗುವಿಗಿಂತ ಮಗಳ ಚಿಂತೆ ಜಾಸ್ತಿ. ಸರಿಯಾದದ್ದೇ ಅಲ್ವಾ?

ಅದಕ್ಕೇ ನಾನು ಮಾತು ಶುರು ಮಾಡುವುದು ರಕ್ತದಿಂದ. ಹೆರಿಗೆ ಆದ ಕೂಡಲೇ ನಾವು ಆಕ್ಸಿಟೋಸಿನ್ ಇಂಜೆಕ್ಷನ್ ಕೊಡುತ್ತೇವೆ, ಗರ್ಭಕೋಶ ಬಿಗಿಯಾಗಿ ರಕ್ತ ನಿಲ್ಲಲಿ ಅಂತ. ಬಾಣಂತಿಯರ ಸಾವಿಗೆ ನಮ್ಮ ದೇಶದಲ್ಲಿ ದೊಡ್ಡ ಕಾರಣಗಳಲ್ಲಿ ಒಂದು ಹೆರಿಗೆ ನಂತರದ ರಕ್ತಸ್ರಾವ. ಮಗು ಎದೆ ಚೀಪಿದಾಗ ಅದೇ ಆಕ್ಸಿಟೋಸಿನ್ ತಾಯಿಯ ಮೈಯೊಳಗೇ ಬಿಡುಗಡೆ ಆಗುತ್ತದೆ. ಹಾಲು ಇಳಿಸುವುದೂ ಅದೇ, ಗರ್ಭಕೋಶ ಹಿಂಡುವುದೂ ಅದೇ. ಹಾಗಂತ ಇಂಜೆಕ್ಷನ್ ಬದಲು ಇದು ಸಾಕು ಅಂತಲ್ಲ, ಅದು ಬೇಕೇ ಬೇಕು. ಆದರೆ ಅಜ್ಜಿಗೆ ಹೀಗೆ ಹೇಳಿದರೆ ತಕ್ಷಣ ಅರ್ಥ ಆಗುತ್ತದೆ: "ಅಮ್ಮಾ, ನೀವು ಹೊಟ್ಟೆಗೆ ಬಟ್ಟೆ ಬಿಗಿಯುತ್ತೀರಲ್ಲ, ಅದರಿಂದ ಒಳಗಿನ ಗರ್ಭಕೋಶ ಚಿಕ್ಕದಾಗಲ್ಲ. ಮಗು ಚೀಪಿದರೆ ಆಗುತ್ತೆ." ಆಗ ಬಾಣಂತಿಯೇ ಬಾಯಿ ಬಿಡುತ್ತಾಳೆ, "ಹೌದು ಸಿಸ್ಟರ್, ಮಗು ಕುಡಿಯುವಾಗಲೇ ಕಿಬ್ಬೊಟ್ಟೆ ಹಿಂಡುತ್ತೆ." ಎರಡನೇ, ಮೂರನೇ ಹೆರಿಗೆಯವರಿಗೆ ಈ ನೋವು ಇನ್ನೂ ಜಾಸ್ತಿ. ಏನೋ ಕೆಟ್ಟಿದೆ ಅಂತ ಹೆದರಿ ಹಾಲು ಕೊಡುವುದನ್ನೇ ನಿಲ್ಲಿಸಿದವರನ್ನು ನೋಡಿದ್ದೇನೆ. ಕೆಲವು ದಿನದ ನೋವು ಅದು, ಗರ್ಭಕೋಶ ತನ್ನ ಜಾಗಕ್ಕೆ ಇಳಿಯುತ್ತಿದೆ ಅಂತ ಗೊತ್ತಾದರೆ ತಡೆದುಕೊಳ್ಳುತ್ತಾರೆ.

ಆಮೇಲೆ ಕ್ಯಾನ್ಸರ್. ಈಗ ನಮ್ಮ ದೇಶದ ಹೆಂಗಸರಲ್ಲಿ ಅತಿ ಹೆಚ್ಚು ಕಾಣುವುದು ಸ್ತನ ಕ್ಯಾನ್ಸರ್. 2002ರಲ್ಲಿ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ 30 ದೇಶಗಳ 47 ಅಧ್ಯಯನಗಳನ್ನು ಒಟ್ಟು ಸೇರಿಸಿದ ದೊಡ್ಡ ಲೆಕ್ಕ ಬಂತು. ಹಾಲು ಕುಡಿಸಿದ ಪ್ರತಿ 12 ತಿಂಗಳಿಗೆ ಸ್ತನ ಕ್ಯಾನ್ಸರಿನ ಅಪಾಯ ಶೇ 4.3ರಷ್ಟು ಕಡಿಮೆ. ಒಂದೇ ಮಗುವಿಗೆ ಅಷ್ಟು ತಿಂಗಳು ಕುಡಿಸಬೇಕು ಅಂತಲ್ಲ, ಎಲ್ಲಾ ಮಕ್ಕಳಿಗೆ ಕುಡಿಸಿದ್ದು ಸೇರಿ. ಅಂಡಾಶಯದ ಕ್ಯಾನ್ಸರಿನ ಅಪಾಯವೂ ಇಳಿಯುತ್ತದೆ. ಇದನ್ನು ಹೇಳುವಾಗ ಒಂದು ಎಚ್ಚರ ಬೇಕು. ಹಾಲು ಕುಡಿಸಿದವರಿಗೆ ಕ್ಯಾನ್ಸರ್ ಬರುವುದೇ ಇಲ್ಲ ಅಂತ ಯಾರೂ ಹೇಳಿಲ್ಲ. ಎದೆಯಲ್ಲಿ ಗಂಟು ಕಂಡರೆ ಮೂರು ಮಕ್ಕಳಿಗೆ ಕುಡಿಸಿದವರೂ ತೋರಿಸಲೇಬೇಕು.

ಸಕ್ಕರೆ ಕಾಯಿಲೆ ಇನ್ನೊಂದು. ಬಸುರಿನಲ್ಲಿ ಗ್ಲೂಕೋಸ್ ನೀರು ಕುಡಿಸಿ ರಕ್ತ ಪರೀಕ್ಷೆ ಮಾಡುತ್ತೇವಲ್ಲ, ಅದರಲ್ಲಿ ಸಕ್ಕರೆ ಜಾಸ್ತಿ ಬಂದು ತಾಯಿ ಕಾರ್ಡಿನಲ್ಲಿ ಬರೆಸಿಕೊಂಡವರಿಗೆ ಮುಂದೆ ಖಾಯಂ ಸಕ್ಕರೆ ಕಾಯಿಲೆ ಬರುವ ಸಂಭವ ಬೇರೆಯವರಿಗಿಂತ ಹೆಚ್ಚು. ಹಾಲು ಕುಡಿಸಿದರೆ ಆ ಅಪಾಯ ತಗ್ಗುತ್ತದೆ. ಈ ಮಾತಿಗೆ ಅಜ್ಜಿಯಂದಿರು ಕಿವಿ ಕೊಡುತ್ತಾರೆ, ಯಾಕೆಂದರೆ ಬಹಳ ಜನ ತಾವೇ ಸಕ್ಕರೆ ಮಾತ್ರೆ ನುಂಗುತ್ತಿರುತ್ತಾರೆ. ಮೈ ಇಳಿಯುವ ವಿಷಯವನ್ನು ನಾನು ದೊಡ್ಡದು ಮಾಡುವುದಿಲ್ಲ. ಹಾಲು ಮಾಡಲು ಮೈಗೆ ದಿನಕ್ಕೆ ಸುಮಾರು 500 ಕ್ಯಾಲೊರಿ ಬೇಕು ನಿಜ, ಆದರೆ ಬಾಣಂತನದ ತುಪ್ಪ, ಅಂಟಿನುಂಡೆ, ಕೊಬ್ಬರಿ ಬೆಲ್ಲ ಆ ಲೆಕ್ಕವನ್ನು ಆರಾಮಾಗಿ ಸರಿ ಮಾಡಿಬಿಡುತ್ತವೆ.

"ಹಾಲು ಕುಡಿಸುವಾಗ ಬಸುರಾಗಲ್ಲ" ಅನ್ನುವ ಮಾತಿಗೆ ಸ್ವಲ್ಪ ಜಾಸ್ತಿ ಹೊತ್ತು ಕೂರುತ್ತೇನೆ, ಯಾಕೆಂದರೆ ಇದು ಅರ್ಧ ಮಾತ್ರ ನಿಜ, ಅರ್ಧ ಸತ್ಯ ಅಪಾಯಕಾರಿ. ಮೂರು ಷರತ್ತು ಒಟ್ಟಿಗೆ ಇರಬೇಕು. ಮಗುವಿಗೆ ಆರು ತಿಂಗಳು ತುಂಬಿರಬಾರದು, ಮುಟ್ಟು ಮರಳಿ ಬಂದಿರಬಾರದು, ಹಗಲು ರಾತ್ರಿ ಎದೆಹಾಲು ಮಾತ್ರ ಕೊಡುತ್ತಿರಬೇಕು. ಆಗ ಬಸುರಾಗದೆ ಇರುವ ಸಂಭವ ಶೇ 98ಕ್ಕಿಂತ ಹೆಚ್ಚು. ಒಂದು ಷರತ್ತು ತಪ್ಪಿದರೂ ನಂಬುವಂತಿಲ್ಲ. ರಾತ್ರಿ ಬಾಟಲಿ ಕೊಟ್ಟುಕೊಂಡು ಇದನ್ನು ನಂಬಿ, ಮಗು ಅಂಬೆಗಾಲಿಡುವ ಮೊದಲೇ ಮತ್ತೆ ತಾಯಿ ಕಾರ್ಡ್ ಮಾಡಿಸಲು ಬಂದವರು ಇದ್ದಾರೆ. ವಂಕಿಯೋ (ಕಾಪರ್-ಟಿ) ಇನ್ನೊಂದೋ, ಡಾಕ್ಟರ ಹತ್ತಿರ ಮೊದಲೇ ಮಾತಾಡಿಕೊಳ್ಳಿ.

ಇಷ್ಟು ಹೇಳಿದ ಮೇಲೂ ಅಜ್ಜಿಯ ಪ್ರಶ್ನೆ ಉಳಿಯುತ್ತದೆ. ಮಗಳು ಸುಸ್ತಾಗಿದ್ದಾಳೆ, ಏನು ಮಾಡಲಿ? ಅದಕ್ಕೆ ಉತ್ತರ ಕೊಡದೆ ಸುಮ್ನೆ ಬಾಟಲಿ ಕಿತ್ತುಕೊಂಡರೆ ನಾವು ಕೆಟ್ಟವರಾಗುತ್ತೇವೆ ಅಷ್ಟೇ. ನಾನು ಹೇಳುವುದು, ಹಾಲು ಕೊಡುವುದೊಂದು ಬಿಟ್ಟು ಉಳಿದದ್ದೆಲ್ಲ ನೀವು ಮಾಡಿ. ಮಗುವನ್ನು ಎತ್ತಿ ಅವಳ ಪಕ್ಕಕ್ಕೆ ಕೊಡಿ, ಕುಡಿದ ಮೇಲೆ ಹೆಗಲ ಮೇಲೆ ಹಾಕಿ ತೇಗು ಬರಿಸಿ, ಬಟ್ಟೆ ಬದಲಾಯಿಸಿ, ನೋಡಲು ಬಂದ ನೆಂಟರನ್ನು ಬಾಗಿಲಲ್ಲೇ ಮಾತಾಡಿಸಿ ಕಳಿಸಿ. ಅವಳಿಗೆ ಹೊಟ್ಟೆ ತುಂಬಾ ಊಟ ಕೊಡಿ, ನೀರು ಕೊಡಿ. ಬಾಣಂತಿಗೆ ನೀರು ಕೊಟ್ಟರೆ ಶೀತ ಆಗುತ್ತೆ, ಹೊಟ್ಟೆ ಊದುತ್ತೆ ಅಂತ ಲೋಟ ಲೆಕ್ಕ ಹಾಕಿ ಕೊಡುವ ಮನೆಗಳು ಈಗಲೂ ಇವೆ. ಬಾಯಾರಿದಷ್ಟು ಕುಡಿಯಲಿ. ಸಬ್ಬಸಿಗೆ ಸೊಪ್ಪು, ಬೆಳ್ಳುಳ್ಳಿ, ಮೆಂತ್ಯ ಬೇಕಾದರೆ ಕೊಡಿ, ಬೇಡ ಅನ್ನಲ್ಲ.

ಆದರೆ ಹಾಲು ಹೆಚ್ಚಿಸುವುದು ಸೊಪ್ಪಿಗಿಂತ ಮಗುವಿನ ಬಾಯಿ. ಎದೆ ಎಷ್ಟು ಖಾಲಿಯಾಗುತ್ತದೋ ಅಷ್ಟು ತುಂಬುತ್ತದೆ. ರಾತ್ರಿ ಹೊತ್ತು ಹಾಲು ಮಾಡುವ ಹಾರ್ಮೋನ್ ಹೆಚ್ಚು ಇರುತ್ತದೆ, ಸರಿಯಾಗಿ ಅದೇ ಹೊತ್ತಿಗೆ ಬಾಟಲಿ ಕೊಟ್ಟರೆ ಮಗು ಹೊಟ್ಟೆ ತುಂಬಿ ಮಲಗುತ್ತದೆ, ಎದೆ ಖಾಲಿಯಾಗಲ್ಲ, ಬೆಳಗ್ಗೆ ಎದೆ ಕಟ್ಟಿಕೊಂಡು ಕಲ್ಲಿನಂತೆ ಆಗುತ್ತದೆ, ಗಟ್ಟಿ ಎದೆಗೆ ಮಗು ಬಾಯಿ ಹಾಕಲ್ಲ, ಹಾಲು ಕಡಿಮೆ ಅಂತ ಮಧ್ಯಾಹ್ನಕ್ಕೆ ಇನ್ನೊಂದು ಬಾಟಲಿ. "ಒಂದು ಸಲ ಕೊಟ್ಟರೆ ಏನಾಗುತ್ತೆ" ಅನ್ನುವುದಕ್ಕೆ ಉತ್ತರ ಇದು. ಪುಡಿ ಹಾಲಿನ ಜಾಹೀರಾತು, ತಾಯಂದಿರಿಗೆ ಪುಕ್ಕಟೆ ಸ್ಯಾಂಪಲ್ ಹಂಚುವುದು, ಎರಡನ್ನೂ 1992ರ ಕಾಯ್ದೆ ನಿಷೇಧಿಸಿದೆ. ಆದರೂ ಡಬ್ಬದ ಹೆಸರು ಮಾತ್ರ ಪ್ರತಿ ಹಳ್ಳಿಯಲ್ಲೂ ಗೊತ್ತು.

ಹಾಗಂತ ಎಲ್ಲಾ ತಪ್ಪು ಅಜ್ಜಿಯ ತಲೆಗೆ ಕಟ್ಟಲಾರೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನೋಡಿ. ದೇಶದಲ್ಲಿ ಶೇ 88.6ರಷ್ಟು ಹೆರಿಗೆ ಆಸ್ಪತ್ರೆಯಲ್ಲೇ ಆಗುತ್ತಿದೆ. ಆದರೆ ಹುಟ್ಟಿದ ಒಂದು ಗಂಟೆಯೊಳಗೆ ಎದೆಹಾಲು ಸಿಕ್ಕಿದ್ದು ಶೇ 41.8 ಮಕ್ಕಳಿಗೆ. ಆ ಒಂದು ಗಂಟೆ ಮಗು ಇರುವುದು ಅಜ್ಜಿ ಕೈಯಲ್ಲಲ್ಲ, ಆಸ್ಪತ್ರೆಯವರ ಕೈಯಲ್ಲಿ. ತೂಕ, ಒರೆಸುವುದು, ಟ್ಯಾಗ್, ಹೊಲಿಗೆ, ರಿಜಿಸ್ಟರ್, ಪಕ್ಕದ ಟೇಬಲ್ಲಿನಲ್ಲಿ ಇನ್ನೊಬ್ಬಳಿಗೆ ನೋವು ಜೋರಾಗಿದೆ, ಇರುವುದು ಇಬ್ಬರೇ ನರ್ಸ್. ಸಿಜೇರಿಯನ್ ಆದರಂತೂ ಮಗು ಒಂದು ಕಡೆ, ತಾಯಿ ಒಂದು ಕಡೆ. ಮಗು ಚೆನ್ನಾಗಿ ಅತ್ತಿದ್ದರೆ ಒರೆಸಿ ನೇರ ತಾಯಿಯ ಎದೆ ಮೇಲೆ ಮಲಗಿಸಿಬಿಡಿ, ತೂಕ ಓಡಿಹೋಗಲ್ಲ. ಇದು ನನ್ನ ಹಾಗೆ ಲೇಬರ್ ರೂಮಿನಲ್ಲಿ ಕೆಲಸ ಮಾಡುವವರಿಗೆ ಹೇಳುತ್ತಿರುವುದು.

ಆ ಮೊದಲ ಹಾಲು ಹಳದಿಯಾಗಿ ಅಂಟಂಟಾಗಿ ಬರುತ್ತದೆ, ಪ್ರಮಾಣ ಬಹಳ ಕಡಿಮೆ. ಅದನ್ನು ಹಿಂಡಿ ಚೆಲ್ಲುವವರು ಈಗ ಕಡಿಮೆಯಾಗಿದ್ದಾರೆ, ಇಲ್ಲವೇ ಇಲ್ಲ ಅನ್ನಲಾರೆ. ಹಸು ಕರು ಹಾಕಿದರೆ ಗಿಣ್ಣು ಮಾಡಿ ಅಕ್ಕಪಕ್ಕದ ಮನೆಗೆಲ್ಲ ಹಂಚುವ ಜನ ನಾವು, ಮಗುವಿನ ಪಾಲಿನ ಗಿಣ್ಣು ಚೆಲ್ಲುವುದೇನು? ಮೊದಲ ದಿನ ಮಗುವಿನ ಹೊಟ್ಟೆ ಹಿಡಿಸುವುದೇ ಒಂದೆರಡು ಚಮಚದಷ್ಟು, ಹಾಗಾಗಿ ಆ ನಾಲ್ಕು ಹನಿ ಕಡಿಮೆಯಲ್ಲ. ಕರುಳಿನ ಗೋಡೆಗೆ ಕಾವಲಾಗಿ ನಿಲ್ಲುವ ಪ್ರತಿಕಾಯಗಳು, ಬಿಳಿ ರಕ್ತಕಣಗಳು, ಎ ವಿಟಮಿನ್ ಅದರಲ್ಲಿ ತುಂಬಿರುತ್ತವೆ. ಆಮೇಲಿನ ಹಾಲಿನಲ್ಲೂ ತಾಯಿಯ ಸುತ್ತ ಇರುವ ರೋಗಾಣುಗಳಿಗೆ ತಕ್ಕ ಪ್ರತಿಕಾಯ ಬರುತ್ತಿರುತ್ತದೆ. ಅದಕ್ಕೇ ಭೇದಿ, ನ್ಯುಮೋನಿಯ, ಕಿವಿ ಸೋರುವುದು ಎದೆಹಾಲು ಕುಡಿಯುವ ಮಕ್ಕಳಲ್ಲಿ ಕಡಿಮೆ. ತಿಂಗಳು ತುಂಬದೆ ಹುಟ್ಟಿದ ಮಕ್ಕಳಿಗೆ ಕರುಳು ಕೊಳೆಯುವ ಒಂದು ಭಯಂಕರ ಕಾಯಿಲೆ ಬರುತ್ತದೆ, ಅದನ್ನು ತಡೆಯಲು ತಾಯಿ ಹಾಲಿನಷ್ಟು ಸಹಾಯ ಮಾಡುವ ಆಹಾರ ಬೇರೆ ಇಲ್ಲ. ತಾಯಿಗೆ ಹಾಲು ಬರದ ಇಂಥ ಮಕ್ಕಳಿಗಾಗಿಯೇ ಬೆಂಗಳೂರಿನ ವಾಣಿವಿಲಾಸ ಆಸ್ಪತ್ರೆಯಲ್ಲಿ ದಾನಿ ತಾಯಂದಿರ ಹಾಲಿನ ಬ್ಯಾಂಕ್ ಮಾಡಿದ್ದಾರೆ.

ಆರು ತಿಂಗಳವರೆಗೆ ಬೇರೇನೂ ಬೇಡ. ನೀರೂ ಬೇಡ, ರಾಯಚೂರಿನ ಬೇಸಿಗೆಯಲ್ಲೂ ಬೇಡ. ಎದೆಹಾಲಿನಲ್ಲಿ ಶೇ 87ಕ್ಕಿಂತ ಜಾಸ್ತಿ ನೀರೇ ಇದೆ. ಜೇನುತುಪ್ಪ ನೆಕ್ಕಿಸುವುದು, ಬಜೆ ತೇಯ್ದು ಹಾಕುವುದು, ಸಕ್ಕರೆ ನೀರು, ಗ್ರೈಪ್ ವಾಟರ್, ಎಲ್ಲಾ ಬಿಡಿ. ಜೇನಂತೂ ಒಂದು ವರ್ಷ ತುಂಬುವವರೆಗೆ ಮುಟ್ಟಿಸಬೇಡಿ, ಅದರಲ್ಲಿ ಇರಬಹುದಾದ ಒಂದು ರೋಗಾಣು ಎಳೆ ಮಗುವಿನ ನರಗಳನ್ನೇ ಸೋಲಿಸುತ್ತದೆ. ಆರು ತಿಂಗಳ ನಂತರ ರಾಗಿ ಸರಿ, ಮೆತ್ತಗೆ ಕಿವುಚಿದ ಅನ್ನ ಬೇಳೆ ಶುರು ಮಾಡಿ, ಜೊತೆಗೆ ಎದೆಹಾಲು ಎರಡು ವರ್ಷದವರೆಗೂ, ಬೇಕಾದರೆ ಅದಕ್ಕಿಂತ ಹೆಚ್ಚೂ ಕೊಡಬಹುದು.

"ಹಾಲು ಬರ್ತಿಲ್ಲ" ಅನ್ನುವವರ ಹತ್ತಿರ ಹೋಗಿ ನೋಡಿದರೆ ಬಹಳ ಸಲ ಮಗು ತೊಟ್ಟು ಮಾತ್ರ ಕಚ್ಚಿಕೊಂಡಿರುತ್ತದೆ. ತೊಟ್ಟು ಒಡೆದು ರಕ್ತ ಬಂದಿರುತ್ತದೆ, ಅವಳು ಹಲ್ಲು ಕಚ್ಚಿಕೊಂಡು ಕೂತಿರುತ್ತಾಳೆ. ಮಗುವಿನ ಬಾಯಿ ಅಗಲ ತೆರೆದಾಗ ತೊಟ್ಟಿನ ಸುತ್ತಲಿನ ಕಪ್ಪು ಭಾಗವೂ ಒಳಗೆ ಹೋಗಬೇಕು, ಕೆಳತುಟಿ ಹೊರಗೆ ಮಡಚಿರಬೇಕು, ಗದ್ದ ಎದೆಗೆ ತಾಗಿರಬೇಕು. ಹೊಲಿಗೆ ಹಾಕಿದವರು ಒಂದು ಮಗ್ಗುಲಿಗೆ ಮಲಗಿಯೇ ಕೊಡಬಹುದು. ಇದನ್ನು ಬಾಯಲ್ಲಿ ಹೇಳಿ ಉಪಯೋಗ ಇಲ್ಲ, ಸ್ಟೂಲ್ ಎಳೆದುಕೊಂಡು ಪಕ್ಕದಲ್ಲಿ ಕೂತು ಮಾಡಿಸಬೇಕು. ಹಾಲು ಸಾಕಾಗುತ್ತಿದೆಯಾ ಅಂತ ನೋಡಲು ಅಳುವನ್ನು ಎಣಿಸಬೇಡಿ, ಉಚ್ಚೆ ಎಣಿಸಿ. ಐದನೇ ದಿನದ ನಂತರ ದಿನಕ್ಕೆ ಆರು ಸಲವಾದರೂ ಮಾಡಬೇಕು. ಹುಟ್ಟಿದ ತೂಕ ಮೊದಲು ಸ್ವಲ್ಪ ಇಳಿದು ಎರಡು ವಾರದೊಳಗೆ ವಾಪಸ್ ಬರಬೇಕು. ಬರದಿದ್ದರೆ, ಮಗು ಮಂಕಾಗಿ ಕುಡಿಯದೆ ಮಲಗಿಯೇ ಇದ್ದರೆ, ಮನೆಯಲ್ಲಿ ಕಾಯಬೇಡಿ.

ನಿಜವಾಗಿಯೂ ಹಾಲು ಸಾಲದವರು ಇದ್ದಾರೆ. ಐಸಿಯುನಲ್ಲಿ ಇರುವವರು, ಕೀಮೋ ತೆಗೆದುಕೊಳ್ಳುತ್ತಿರುವವರು ಇದ್ದಾರೆ. ಅವರ ಮುಂದೆ ಈ ಯಾವ ಭಾಷಣವೂ ಬೇಡ. ಡಾಕ್ಟರ್ ಹೇಳಿದ ಹಾಲನ್ನು ಒಳಲೆಯಲ್ಲಿ ಕುಡಿಸಿ, ಬಾಟಲಿಗಿಂತ ತೊಳೆಯುವುದು ಸುಲಭ. ಎಚ್‌ಐವಿ ಇದ್ದವರು ಕುಡಿಸಲೇಬಾರದು ಅಂತ ನೆರೆಹೊರೆಯವರು ಹೇಳುತ್ತಾರೆ, ಅದನ್ನು ಕೇಳಬೇಡಿ. ವೈರಸ್ಸನ್ನು ಹತೋಟಿಯಲ್ಲಿಡುವ ಎಆರ್‌ಟಿ ಮಾತ್ರೆ ತಪ್ಪದೆ ತೆಗೆದುಕೊಳ್ಳುತ್ತಾ ಕುಡಿಸುವ ದಾರಿ ಇದೆ, ಎಆರ್‌ಟಿ ಕೇಂದ್ರದಲ್ಲಿ ಕೇಳಿ.

ಕೆಲಸಕ್ಕೆ ಮರಳುವವರು ಡಿಸ್ಚಾರ್ಜ್ ದಿನವೇ ಕೇಳುತ್ತಾರೆ. ಕಾಯ್ದೆ ಪ್ರಕಾರ 2017ರಿಂದ 26 ವಾರ ಸಂಬಳದ ರಜೆ ಇದೆ, ಅದು ಮೊದಲ ಎರಡು ಮಕ್ಕಳಿಗೆ. ವಾಪಸ್ ಹೋದ ಮೇಲೆ ಮಗುವಿಗೆ 15 ತಿಂಗಳಾಗುವವರೆಗೆ ದಿನಕ್ಕೆ ಎರಡು ಸಲ ಹಾಲು ಕೊಡಲು ಬಿಡುವು ಕೊಡಬೇಕು. ಕಾಫಿ ತೋಟದ ಕೂಲಿಗೆ, ಮನೆಗೆಲಸಕ್ಕೆ ಹೋಗುವವರಿಗೆ ಇದರಲ್ಲಿ ಎಷ್ಟು ಸಿಗುತ್ತದೆ ಅನ್ನುವುದು ನಿಮಗೂ ಗೊತ್ತು. ಅವರಿಗೆ ನಾನು ಕೈಯಲ್ಲಿ ಹಾಲು ಹಿಂಡುವುದನ್ನು ಕಲಿಸಿ ಕಳಿಸುತ್ತೇನೆ. ಕುದಿಸಿ ತೊಳೆದ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿ ಹಿಂಡಿಟ್ಟರೆ ಮನೆಯೊಳಗಿನ ತಂಪು ಜಾಗದಲ್ಲಿ ನಾಲ್ಕು ಗಂಟೆ, ಫ್ರಿಜ್ಜಿನ ಒಳಭಾಗದಲ್ಲಿ ನಾಲ್ಕು ದಿನ ಇರುತ್ತದೆ. ಬಾಗಿಲಿನ ಕಡೆ ಇಡಬೇಡಿ, ಕರೆಂಟ್ ತುಂಬಾ ಹೊತ್ತು ಹೋಗುವ ಊರಾದರೆ ನಾಲ್ಕು ದಿನದ ಲೆಕ್ಕ ಮರೆತುಬಿಡಿ. ಕುಡಿಸುವಾಗ ಒಲೆ ಮೇಲಿಟ್ಟು ಕಾಯಿಸಬಾರದು, ಬಿಸಿನೀರಿನ ಪಾತ್ರೆಯೊಳಗೆ ಡಬ್ಬಿ ಇಟ್ಟು ಉಗುರುಬೆಚ್ಚಗೆ ಮಾಡಿದರೆ ಸಾಕು. ಮೇಲೆ ಕೆನೆ ಬೇರೆ ನಿಂತಿರುತ್ತದೆ, ಹಾಲು ಒಡೆದಿದೆ ಅಂತ ಚೆಲ್ಲಬೇಡಿ, ಮೆಲ್ಲಗೆ ಅಲ್ಲಾಡಿಸಿದರೆ ಸೇರಿಕೊಳ್ಳುತ್ತದೆ.