ಕಾಡುಪಾಪಕ್ಕೆ ಹತ್ತು ನಿಮಿಷ

ಸದ್ದೇ ಮಾಡದ ಪ್ರಾಣಿಯನ್ನು ಬರೀ ದನಿಯಲ್ಲಿ ತೋರಿಸಬೇಕು ಅಂದರೆ ತಲೆಕೆಡುತ್ತೆ. ನವಿಲಾದರೆ ಅದೇ ಕೂಗಿ ಅರ್ಧ ಕೆಲಸ ಮುಗಿಸಿಕೊಡುತ್ತೆ. ಕಾಡುಪಾಪ, ಅಂದರೆ ರಾತ್ರಿ ಓಡಾಡುವ ಸ್ಲೆಂಡರ್ ಲೋರಿಸ್, ಹಾಗಲ್ಲ, ಒಂದೊಂದೇ ಕೈ ಎತ್ತಿಡುತ್ತಾ ಎಲೆ ಅಲುಗದಂತೆ ಕೊಂಬೆ ದಾಟಿಬಿಡುತ್ತೆ. ಯಾವಾಗಲೋ ಒಮ್ಮೆ ಸಿಳ್ಳೆ ಹಾಕಿದರೆ ನಮ್ಮ ಪುಣ್ಯ. ಅದಕ್ಕೇ ಪಾಡ್‌ಕಾಸ್ಟಿನ ಈ ಕಂತಿಗೆ ಮೈಕಿಗಿಂತ ಮೊದಲು ಕೈಗೆ ಬಂದಿದ್ದು ಪೆನ್ಸಿಲ್.

ಬೆಂಗಳೂರಲ್ಲಿ ಕಾಡುಪಾಪವೇ ಅಂತ ಈಗಲೂ ನಗುವವರಿದ್ದಾರೆ. ಟಾಟಾ ಇನ್‌ಸ್ಟಿಟ್ಯೂಟಿನ (ಐಐಎಸ್‌ಸಿ) ಆವರಣದಲ್ಲಿದೆ, ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದಲ್ಲಿದೆ. ಇವೆರಡು ಎಲ್ಲರಿಗೂ ಗೊತ್ತಿರುವ ಜಾಗ ಅಂತ ಹೇಳಿದೆ. ಮಿಕ್ಕ ತೋಪುಗಳ ಹೆಸರು ಬೇಡ, ಹಿಡಿಯುವವರಿಗೆ ದಾರಿ ತೋರಿಸಿದಂತಾಗುತ್ತೆ. 2014ರಲ್ಲಿ ಶುರುವಾದ ಅರ್ಬನ್ ಸ್ಲೆಂಡರ್ ಲೋರಿಸ್ ಪ್ರಾಜೆಕ್ಟಿಗೆ ರಾತ್ರಿ ನಡೆದು ಲೆಕ್ಕ ಹಾಕಿದವರಲ್ಲಿ ಸಾಮಾನ್ಯ ಜನರೂ ಇದ್ದರು.

ಹುಡುಕುವುದಕ್ಕೊಂದು ಕ್ರಮವಿದೆ. ಅನುಮತಿ ಪಡೆದು ಕತ್ತಲಾದ ಮೇಲೆ ಹೊರಡಬೇಕು. ಟಾರ್ಚಿನ ಮೂತಿಗೆ ಕೆಂಪು ಜಿಲೆಟಿನ್ ಕಾಗದ ಎರಡು ಪದರ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿ. ಬಿಳಿ ಬೆಳಕು ಅದರ ಕಣ್ಣಿಗೆ ಹಿಂಸೆ. ಟಾರ್ಚನ್ನು ಸೊಂಟದ ಹತ್ತಿರ ಹಿಡಿದರೆ ಏನೂ ಕಾಣುವುದಿಲ್ಲ. ಕಾಡುಪಾಪದ ಅಕ್ಷಿಪಟಲದ ಹಿಂದಿನ ಪದರ ಬೆಳಕನ್ನು ಬಂದ ದಾರಿಯಲ್ಲೇ ವಾಪಸ್ ಕಳಿಸುತ್ತೆ, ಹಾಗಾಗಿ ಟಾರ್ಚು ನಿಮ್ಮ ಕಣ್ಣಿನ ಪಕ್ಕದಲ್ಲೇ ಇರಬೇಕು. ಎರಡು ಚುಕ್ಕಿ ಒತ್ತೊತ್ತಾಗಿ ಹೊಳೆದರೆ ನಿಂತುಬಿಡಿ. ಇನ್ನೊಂದು ಮಾತು: ಅದು ನೆಗೆಯುವ ಪ್ರಾಣಿಯಲ್ಲ. ಕೊಂಬೆಗೆ ಕೊಂಬೆ ತಾಗಿರುವ ಕಡೆಯೇ ನೋಡಬೇಕು. ನಡುವೆ ಒಂದು ಮರ ಕಡಿದರೆ ಅದರ ರಸ್ತೆಯೇ ಮುಚ್ಚಿತು. ನೆಲಕ್ಕಿಳಿದರೆ ನಾಯಿ, ವೈರು ಹಿಡಿದರೆ ಕರೆಂಟು.

ಬೆಳಗ್ಗೆ ಫೋಟೊ ಮುಂದಿಟ್ಟುಕೊಂಡು 2ಬಿ ಪೆನ್ಸಿಲಿನಲ್ಲಿ ಬಿಡಿಸುವ ಕೆಲಸ. ಮೊದಲು ಕಣ್ಣು, ಮುಖದ ಬಹುಪಾಲು ಅವೇ. ನಡುವೆ ಹಣೆಯಿಂದ ಮೂಗಿಗಿಳಿಯುವ ಬಿಳಿ ಪಟ್ಟಿ. ಎಡವುವುದು ಕೈಯಲ್ಲಿ. ಐದೂ ಬೆರಳನ್ನು ನಮ್ಮದರ ಹಾಗೆ ಬರೆದರೆ ಅದು ಕಾಡುಪಾಪವೇ ಅಲ್ಲ. ತೋರುಬೆರಳು ಮೋಟು, ಹೆಬ್ಬೆರಳು ಎದುರು ದಿಕ್ಕಿಗೆ ಚಾಚಿದ್ದು. ಎರಡೂ ಸೇರಿ ಹಿಡಿತ ಇಕ್ಕಳದಂತಾಗುತ್ತೆ. ಹಿಂಗಾಲಿನ ಎರಡನೇ ಬೆರಳಿಗೆ ಮಾತ್ರ ಚಪ್ಪಟೆ ಉಗುರಿಲ್ಲ, ಮೈ ಕೆರೆದುಕೊಳ್ಳಲು ಚೂಪಾದ ಪಂಜವಿದೆ. ಬಾಲ ಬಿಡಿಸಬೇಡಿ, ಕಾಣುವಂಥ ಬಾಲವಿಲ್ಲ. ಇಷ್ಟು ಬರೆದು ಮುಗಿಸುವ ಹೊತ್ತಿಗೆ ಸ್ಕ್ರಿಪ್ಟಿನ ‘ಮುದ್ದಾದ ಪುಟ್ಟ ಪ್ರಾಣಿ’ಗೆ ಗೀಟು ಬಿತ್ತು. ಅಲ್ಲಿ ಕೂತಿದ್ದು: ‘ಒಂದು ಗೇಣು ಮೈ, ಕಾಲು ಕೆಜಿ ಆಸುಪಾಸು ತೂಕ, ಕಡ್ಡಿಯಂಥ ಕೈಕಾಲು.’ ಹತ್ತು ನಿಮಿಷಕ್ಕೆ ಸಾವಿರ ಪದ ಧಾರಾಳ, ಹೆಚ್ಚಾದರೆ ಓಡಿಸಬೇಕಾಗುತ್ತೆ.

ರೆಕಾರ್ಡಿಂಗಿಗೆ ಮಧ್ಯಾಹ್ನ ಎರಡು ಗಂಟೆ ಒಳ್ಳೇದು. ಕಸದ ಆಟೋದ ಹಾಡು, ಕುಕ್ಕರ್ ಸೀಟಿ, ಸ್ಕೂಲ್ ವ್ಯಾನು ಎಲ್ಲ ಮುಗಿದಿರುತ್ತೆ. ಫ್ಯಾನು ಆಫ್, ಫ್ರಿಜ್ಜೂ ಆಫ್. ಆಮೇಲೆ ಮರೆಯದಂತೆ ಬೈಕಿನ ಕೀ ಫ್ರಿಜ್ಜಿನೊಳಗೇ ಇಡುವುದು ಹಳೇ ಉಪಾಯ. ಬಟ್ಟೆ ತುಂಬಿದ ಮರದ ಬೀರು ತೆರೆದು ಅದರತ್ತ ಮುಖ ಮಾಡಿ ಮಾತಾಡಿ. ಕಬ್ಬಿಣದ ಬೀರು ಬೇಡ, ಬಾಗಿಲೇ ಗುಂಯ್ ಅನ್ನುತ್ತೆ. ಬೆನ್ನ ಹಿಂದಿನ ಗೋಡೆಗೆ ಹಾಸಿಗೆ ಒರಗಿಸಿ. ಬರೀ ಗೋಡೆಯಿದ್ದರೆ ದನಿ ಬಚ್ಚಲಲ್ಲಿ ಮಾತಾಡಿದ ಹಾಗೆ ಬರುತ್ತೆ. ಮೈಕು ಒಂದು ಗೇಣು ದೂರ, ಬಾಯಿಗೆ ನೇರ ಅಲ್ಲ, ಓರೆಯಾಗಿ. ‘ಕಾಡುಪಾಪ’ ಅಂದಾಗಲೆಲ್ಲ ಎರಡು ‘ಪ’ದ ಗಾಳಿ ಮೈಕಿಗೆ ಬಡಿದು ಢಬ್ ಢಬ್ ಅನ್ನುತ್ತೆ, ಓರೆಯಿಟ್ಟರೆ ಗಾಳಿ ಪಕ್ಕಕ್ಕೆ ಹೋಗುತ್ತೆ. ರೆಕಾರ್ಡಿಂಗ್ ಸೆಟ್ಟಿಂಗು: 48 ಕಿಲೋಹರ್ಟ್ಜ್, 24 ಬಿಟ್, ಮೋನೊ (ಒಂದೇ ಚಾನೆಲ್). ಜೋರು ಮಾತು ಮೈನಸ್ 12 ಡೆಸಿಬೆಲ್ ದಾಟದಂತೆ ಗೇನ್ (ಮೈಕು ದನಿಯನ್ನು ಎಷ್ಟು ಹೆಚ್ಚಿಸಬೇಕು ಅನ್ನುವ ಗುಂಡಿ) ಇಡಿ. ನಿಮಿಷಕ್ಕೆ ಸುಮಾರು 8.6 ಎಂಬಿ ಹೋಗುತ್ತೆ, ಜಾಗ ನೋಡಿಕೊಳ್ಳಿ. ಮಾತು ಶುರು ಮಾಡುವ ಮೊದಲು ಅರ್ಧ ನಿಮಿಷ ಸುಮ್ಮನೆ ಕೂತು ಖಾಲಿ ಕೋಣೆಯ ಸದ್ದು ಹಿಡಿದಿಡಿ. ಕೆಮ್ಮು ಕತ್ತರಿಸಿದ ಕಡೆ ತೇಪೆ ಹಾಕಲು ಅದೇ ಬೇಕು.

ರಾತ್ರಿಯ ಜೀರುಂಡೆ, ಕಪ್ಪೆ ಸದ್ದನ್ನು ಫೋನಿನಲ್ಲೇ ಹಿಡಿಯಬಹುದು. ಆದರೆ ‘ಗದ್ದಲ ನಿವಾರಣೆ’ ಆಫ್ ಮಾಡಿಯೇ. ಇಲ್ಲದಿದ್ದರೆ ಆ ಸಾಫ್ಟ್‌ವೇರಿಗೆ ಜೀರುಂಡೆಯೇ ಗದ್ದಲ, ಗುಡಿಸಿ ಹಾಕುತ್ತೆ. ಎಡಿಟಿಂಗಿನಲ್ಲಿ ಹೆಚ್ಚೇನಿಲ್ಲ: 80 ಹರ್ಟ್ಜ್‌ಗಿಂತ ಕೆಳಗಿನದನ್ನು ಕತ್ತರಿಸಿದರೆ ದೂರದ ಲಾರಿ ಗುಡುಗು ಇಳಿಯುತ್ತೆ, ಮೋನೊ ಕಡತಕ್ಕೆ ಮೈನಸ್ 19 ಎಲ್‌ಯುಎಫ್‌ಎಸ್ (ಕಿವಿಗೆ ಒಟ್ಟಾರೆ ಎಷ್ಟು ಜೋರು ಅನ್ನುವ ಅಳತೆ) ಇಟ್ಟರೆ ಆಯಿತು. ಕವರ್ ಚಿತ್ರ 3000 ಪಿಕ್ಸೆಲ್ ಚೌಕ. ಫೋನಿನಲ್ಲಿ ಅದು ಉಗುರಿನಷ್ಟಾಗುವುದರಿಂದ ಇಡೀ ಪ್ರಾಣಿ ಬೇಡ, ಕಣ್ಣೆರಡು, ಕೊಂಬೆ ಹಿಡಿದ ಒಂದು ಕೈ ಸಾಕು.

ಅಪ್‌ಲೋಡಿಗೆ ಮುಂಚೆ ಫೋಟೊಗಳಿಂದ ಲೊಕೇಶನ್ ಅಳಿಸಿ. ಕಾಡುಪಾಪ 1972ರ ವನ್ಯಜೀವಿ ಕಾಯ್ದೆಯ ಒಂದನೇ ಅನುಸೂಚಿಯಲ್ಲಿ, ಅಂದರೆ ಅತಿ ಹೆಚ್ಚು ರಕ್ಷಣೆಯ ಪಟ್ಟಿಯಲ್ಲಿ, ಇದ್ದರೂ ಮಾಟಮಂತ್ರದ ಹೆಸರಲ್ಲಿ ಇವನ್ನು ಹಿಡಿಯುವವರಿದ್ದಾರೆ. ರೆಕಾರ್ಡಿಂಗನ್ನೂ ಒಮ್ಮೆ ಹೆಡ್‌ಫೋನಿನಲ್ಲಿ ಕೇಳಿ: ಹಿಂದೆ ಬಸ್ಸಿನ ಕಂಡಕ್ಟರು ಸ್ಟಾಪಿನ ಹೆಸರು ಕೂಗಿದ್ದರೆ ಆ ತುಂಡನ್ನು ತೆಗೆದು ಬೇರೆ ಕಡೆಯ ಜೀರುಂಡೆ ಸದ್ದು ಹಾಕಿ.