ತುಲಾದಲ್ಲಿ ಕಂಡ ಎಡಗೈಯವರ ಬಂದೂಕು

ಕೆಲಸದ ಮೇಲೆ ಮಾಸ್ಕೋದಲ್ಲಿದ್ದಾಗ ಒಂದು ಭಾನುವಾರ ತುಲಾಕ್ಕೆ ರೈಲು ಹತ್ತಿದೆ. ರಷ್ಯಾದ ಪೀಟರ್ ದೊರೆ 1712ರಲ್ಲಿ ಬಂದೂಕು ಕಾರ್ಖಾನೆ ಹಾಕಿಸಿದ ಊರದು. ಅಲ್ಲಿನ ಶಸ್ತ್ರಾಸ್ತ್ರ ಮ್ಯೂಸಿಯಂನಲ್ಲಿ ನೋಡೋದು ಬೇಕಾದಷ್ಟಿದೆ. ನನಗೆ ಬೇಕಾಗಿದ್ದು ಒಂದೇ, ಟಿಕೆಬಿ-022 ಅನ್ನುವ ಪ್ರಾಯೋಗಿಕ ಬಂದೂಕು.

ನಾನು ಎಡಚ. ಕಾಲೇಜಿನ ಎನ್‌ಸಿಸಿಯಲ್ಲಿ ರೈಫಲ್ ಕೈಗೆ ಬಂದ ದಿನವೇ ಉಸ್ತಾದರು 'ಬಲ ಭುಜಕ್ಕೆ ಹಚ್ಚು' ಅಂದಿದ್ದರು. ಬೋಲ್ಟಿನ, ಅಂದರೆ ತೋಟಾ ತುಂಬಿ ಖಾಲಿಯಾದದ್ದನ್ನು ಹೊರಹಾಕುವ ಭಾಗದ, ಹಿಡಿ ಬಲಗಡೆಗೇ ಇತ್ತು, ಅವರಾದರೂ ಏನು ಮಾಡಿಯಾರು? ಆಮೇಲೆ ಯಾವ ಬಂದೂಕು ಕಂಡರೂ ನನ್ನ ಕಣ್ಣು ಮೊದಲು ಹುಡುಕೋದು, ಖಾಲಿ ತೋಟಾ ಯಾವ ಕಡೆ ಹಾರುತ್ತೆ ಅಂತ.

ಗಾಜಿನ ಹಿಂದೆ ಅದು ಕಂಡಾಗ ನಿಜವಾಗಿ ಖುಷಿಯಾಯಿತು. ಕೆಂಪು ಕಂದು ಬಣ್ಣದ ಪ್ಲಾಸ್ಟಿಕ್ ಮೈ, ಮೊಂಡು ಆಕಾರ. ಸೋವಿಯತ್ ಬಂದೂಕು ವಿನ್ಯಾಸಕ ಗೆರ್ಮನ್ ಕೊರೊಬೊವ್ 1960ರ ದಶಕದಲ್ಲಿ ಮಾಡಿದ್ದು. ನಳಿಗೆ 415 ಮಿಲಿಮೀಟರ್, ಎಕೆ-47ರ ಸುಧಾರಿತ ರೂಪವಾದ ಎಕೆಎಂನಷ್ಟೇ. ಆದರೆ ಎಕೆಎಂ ಒಟ್ಟು ಉದ್ದ ಸುಮಾರು 880, ಇದರದ್ದು ಬರೀ 525! ಮ್ಯಾಗಜಿನ್, ಬೋಲ್ಟು ಎಲ್ಲವನ್ನೂ ಕುದುರೆಯ (ಟ್ರಿಗರ್) ಹಿಂದೆ, ಭುಜದ ಹತ್ತಿರಕ್ಕೆ ತಂದರು. ಇಂಥ ಬಂದೂಕಿನಲ್ಲಿ ಖಾಲಿ ತೋಟಾ ಬಲಕ್ಕೆ ಹಾರಿದರೆ ಎಡಚನ ಕೆನ್ನೆಗೇ ಬಡಿಯುತ್ತೆ. ಕೊರೊಬೊವ್ ಬೋಲ್ಟನ್ನು ಮೇಲೆ ಕೆಳಗೆ ಚಲಿಸುವ ಹಾಗೆ ಮಾಡಿ, ಖಾಲಿ ತೋಟಾವನ್ನು ನಳಿಗೆಯ ಮೇಲಿನ ಕೊಳವೆಯಲ್ಲಿ ಮುಂದಕ್ಕೆ ತಳ್ಳಿಸಿದರು. ಎಡ ಭುಜವೋ ಬಲ ಭುಜವೋ, ಎರಡೂ ಒಂದೇ. ಎಷ್ಟು ಚೆಂದದ ಯೋಚನೆ ಅಲ್ವಾ?

ಸೋವಿಯತ್ ಸೈನ್ಯ ಒಪ್ಪಲಿಲ್ಲ. ಪ್ಲಾಸ್ಟಿಕ್ ಮೈ ಬಿಸಿಲು, ಚಳಿ, ಒರಟು ಬಳಕೆ ತಡೆದೀತೇ ಅನ್ನುವ ಅನುಮಾನ. ಭಾರವೂ ಹಿಂದಕ್ಕೆ ವಾಲುತ್ತಿತ್ತು. ಆ ಅನುಮಾನ ಸುಳ್ಳೆಂದು ನಾನು ಹೇಳಲಾರೆ. ಆದರೆ ಕೊರೊಬೊವ್ ಅದಕ್ಕೂ ಮೊದಲು ಮಾಡಿದ್ದ ಟಿಕೆಬಿ-517 ಬಂದೂಕಿನ ಕಥೆ ನನಗೆ ಜಾಸ್ತಿ ನೋವು ಕೊಡುತ್ತೆ. ಅದರ ಹೊರರೂಪ ಎಕೆಯ ಹಾಗೇ ಇತ್ತು, ತೂಕ ಕಡಿಮೆ, ಒಂದೇ ಸಮನೆ ಹಾರಿಸಿದಾಗ ಗುರಿಯೂ ಮೇಲು. ಆದರೂ 1959ರಲ್ಲಿ ಸೈನ್ಯದ ಆಯ್ಕೆಯಲ್ಲಿ ಎಕೆಎಂ ಗೆದ್ದಿತು. ಎಕೆ ಮಾಡಲು ಕಾರ್ಖಾನೆಗಳು ಆಗಲೇ ಸಜ್ಜಾಗಿದ್ದವು, ಸೈನಿಕರ ಕೈಗೂ ಅದು ಪಳಗಿತ್ತು.

ಪಕ್ಕದಲ್ಲಿದ್ದ ಶಾಲೆ ಮಕ್ಕಳು ಎಕೆಗಳ ಕಡೆ ಓಡಿದರು. ನಾನು ಅಲ್ಲೇ ನಿಂತು, ಗಾಜಿನ ಈಚೆ ಎಡ ಭುಜ ಕೊಟ್ಟು ಹಿಡಿಯುವ ಹಾಗೆ ಕೈ ಮಾಡಿ ನೋಡಿದೆ. ಕಾವಲಿಗಿದ್ದ ಅಜ್ಜಿ ನಕ್ಕರು.

ಖಾಲಿ ತೋಟಾವನ್ನು ಮುಂದಕ್ಕೆ ಕಳಿಸುವ ಬಂದೂಕು ಕೊನೆಗೂ ಸೈನ್ಯ ಸೇರಿತು, ಆದರೆ ರಷ್ಯಾದ್ದಲ್ಲ. 2001ರಲ್ಲಿ ಬಂದ ಬೆಲ್ಜಿಯಂನ ಎಫ್2000 ಅದು. ಸ್ಲೊವೇನಿಯಾ ಸೈನ್ಯ ಅದನ್ನು ತನ್ನದಾಗಿಸಿಕೊಂಡಿತು. ಎಫ್2000 ಬಂದಾಗ ಕೊರೊಬೊವ್ ಇನ್ನೂ ಬದುಕಿದ್ದರು. ಅವರು ತೀರಿಕೊಂಡಿದ್ದು 2006ರಲ್ಲಿ.